ಹಡಗಿನ ಕೈಖರ್ಚು

ನನ್ನ ಕೋಣೆಯ ಗೋಡೆಗೆ ಒಂದು ಚಂಚಿ ನೇತುಬಿದ್ದಿದೆ. ಎಲೆ ಅಡಿಕೆ ಹಾಕುವ ಅಭ್ಯಾಸ ನನಗಿಲ್ಲ. ಹಾಗಾಗಿ ಮನೆಗೆ ಬಂದವರು ಒಮ್ಮೆ ಚಂಚಿಯನ್ನೂ ಒಮ್ಮೆ ನನ್ನ ಹಲ್ಲುಗಳನ್ನೂ ನೋಡುತ್ತಾರೆ. ನಾನು ಚಹಾ ತಂದಿಡುತ್ತೇನೆ. ಕೆಲವು ವಿಷಯಗಳನ್ನು ಚಹಾ ಆರುವುದರೊಳಗೆ ಹೇಳಿ ಮುಗಿಸಲಾಗುವುದಿಲ್ಲ.

ಮೊನ್ನೆ ಧೂಳು ಹೊಡೆಯುವಾಗ ಚಂಚಿಯ ಒಳಗಿನ ಅರೆಯಿಂದ ತಾಮ್ರದ ಒಂದು ದುಡ್ಡು ಉರುಳಿ ಬಂತು. ಮೈತುಂಬ ಸುಣ್ಣ. ಅದು ಅಲ್ಲಿರುವುದು ನನಗೆ ಗೊತ್ತಿತ್ತು; ನಾನೇ ಇಟ್ಟದ್ದು. ಆದರೂ ಕೈಗೆ ಬಂದ ಮೇಲೆ ಕಸಬರಿಗೆಯನ್ನು ಮೂಲೆಗಿಟ್ಟು ಕುಳಿತುಬಿಟ್ಟೆ. ನೀವೂ ಕುಳಿತುಕೊಳ್ಳಿ. ಇದು ಹಡಗಿನ ಕಥೆ. ನಮ್ಮ ಈ ಬಂಡೆಗಳ ಸೀಮೆಯಲ್ಲಿ ಕುಳಿತು ಹಡಗಿನ ಕಥೆ ಹೇಳುವವರು ಸಿಗುವುದು ಅಪರೂಪ.

ಹಡಗಿನ ಆಸೆ ನನ್ನದಲ್ಲ, ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಅವಳ ಕುಂಕುಮದ ಪೆಟ್ಟಿಗೆಯಲ್ಲಿ ಒಂದು ಕಡ್ಡಿಪೆಟ್ಟಿಗೆಯ ಚೀಟಿ ಇತ್ತು. ಅದರ ಮೇಲೆ ಹೊಗೆ ಬಿಡುತ್ತಿರುವ ಹಡಗು. ಕಡ್ಡಿಗಳು ಎಂದೋ ಒಲೆ ಸೇರಿದ್ದವು; ಚೀಟಿಯನ್ನು ಮಾತ್ರ ಆಯಿ ನೀರಿನಲ್ಲಿ ನೆನೆಸಿ, ಹರಿಯದಂತೆ ಬಿಡಿಸಿ, ಒಣಗಿಸಿ ಇಟ್ಟುಕೊಂಡಿದ್ದಳು. ಚಿಕ್ಕಂದಿನಲ್ಲಿ ನಾವು ಜ್ವರ ಬಂದು ಮಲಗಿದರೆ ಅದನ್ನು ನೋಡಲು ಕೊಡುತ್ತಿದ್ದಳು. ಜ್ವರ ಬಿಟ್ಟ ಕೂಡಲೇ ಕಸಿದುಕೊಳ್ಳುತ್ತಿದ್ದಳು. ಹೀಗಾಗಿ ನನಗೆ ಇಂದಿಗೂ ಹಡಗು ಎಂದರೆ ಸ್ವಲ್ಪ ಮೈ ಬಿಸಿಯಾಗುತ್ತದೆ.

ಅಪ್ಪನದು ಕೊಪ್ಪಳದಲ್ಲಿ ಬಟ್ಟೆಯ ಅಂಗಡಿ. ಒಂದು ವರ್ಷ ವ್ಯಾಪಾರ ಚೆನ್ನಾಗಿ ನಡೆದು, ಇನ್ನೂ ಯುದ್ಧದ ಸುದ್ದಿ ಪತ್ರಿಕೆಗಳಲ್ಲಿ ಮಾತ್ರ ಇದ್ದಾಗ, ಅಪ್ಪ ತಾಯಿಯ ಆಸೆ ತೀರಿಸಲು ಮನಸ್ಸು ಮಾಡಿದರು. ರೈಲಿನಲ್ಲಿ ಮಾರ್ಮಗೋವೆಯವರೆಗೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ, ಮುಂಬಯಿಯಿಂದ ರೈಲಿನಲ್ಲಿ ಊರಿಗೆ. ಹೊರಟವರು ನಾಲ್ವರು: ಅಪ್ಪ, ಆಯಿ, ಅಪ್ಪನ ತಮ್ಮನಾದ ನನ್ನ ಕಾಕಾ, ಮತ್ತು ನಾನು. ಅವ್ವ ಬರಲೊಲ್ಲೆ ಎಂದಳು. “ನನಗ ಚಕ್ಕಡ್ಯಾಗ ಕುಂತ್ರಽ ತಲಿ ತಿರಗತೈತಿ. ಸಮುದ್ರ ನೋಡಿ ಬಂದು ಹೇಳ್ರಿ, ನಾ ನಂಬತೀನಿ.”

ಆಗ ನಾನು ಪುಣೆಯಲ್ಲಿ ಬಿ.ಎ. ಮುಗಿಸಿ ಬಂದು ಮನೆಯಲ್ಲಿದ್ದೆ. ಗಂಗಾವತಿಯ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಉಪಾಧ್ಯಾಯಿನಿ ಬೇಕಾಗಿದ್ದರು. ನನ್ನನ್ನು ಕೇಳಿದ್ದರು. ಉತ್ತರ ಕೊಡಲು ತಿಂಗಳ ಕೊನೆಯವರೆಗೆ ಅವಕಾಶವಿತ್ತು. ಅಪ್ಪ ಬೇಡವೆನ್ನಲಿಲ್ಲ, ಅವರು ಬೇಡವೆನ್ನುವ ರೀತಿಯೇ ಬೇರೆ. ಊಟದ ಎಲೆಯ ಮುಂದೆ ಕುಳಿತು ಉಪ್ಪಿನಕಾಯಿಯನ್ನು ಉದ್ದೇಶಿಸಿ ಮಾತಾಡಿದರು.

“ಒಬ್ಬಾಕಿ ಬ್ಯಾರೆ ಊರಾಗ ಇರೂದಂದ್ರ ಹುಡುಗಾಟ ಅಲ್ಲ. ಪಗಾರ ಬಂದ ಎಂಟು ದಿನಕ್ಕ ಖರ್ಚಾಗಿ, ಅಪ್ಪಾ ರೊಕ್ಕ ಕಳಸ್ರಿ ಅಂತ ಕಾರ್ಡ್ ಬರತೈತಿ. ಕೈಯಾಗ ರೊಕ್ಕ ಹಿಡದು ಗೊತ್ತಿಲ್ಲ ನಿನಗ.”

ಅದು ನಿಜ. ಪುಣೆಯಲ್ಲಿ ನಾನು ಇದ್ದದ್ದು ನೆಂಟರ ಮನೆಯಲ್ಲಿ. ಅಪ್ಪನ ಹಣ ನೆಂಟರ ಕೈಗೆ ಹೋಗುತ್ತಿತ್ತು, ನೆಂಟರ ಕೈಯಿಂದ ಕಾಲೇಜಿಗೆ. ನಾನು ಓದಿದ್ದು ಅರ್ಥಶಾಸ್ತ್ರ. ದೇಶದೇಶಗಳ ಆಯವ್ಯಯವನ್ನು ಪರೀಕ್ಷೆಯಲ್ಲಿ ತೂಗಿ ಬರೆದಿದ್ದೆ; ಕೊತ್ತಂಬರಿ ಸಿವುಡಿಗೆ ಎಷ್ಟು ಕೊಡಬೇಕೆಂದು ಕೇಳಿದ್ದರೆ ಅನುತ್ತೀರ್ಣಳಾಗುತ್ತಿದ್ದೆ.

ಆಗ ಆಯಿ ಬಾಯಿ ಹಾಕಿದಳು. “ಹಿಡದು ಗೊತ್ತಾಗಬೇಕಂದ್ರ ಕೈಯಾಗ ಕೊಡಬೇಕಲ್ಲೋ ಯಪ್ಪಾ. ಹಡಗಿನ ಕೈಖರ್ಚು ಆಕಿ ಕೈಯಾಗ ಕೊಡು.”

ಅಪ್ಪ ಉಪ್ಪಿನಕಾಯಿಯಿಂದ ಕಣ್ಣೆತ್ತಿದರು. ನನಗೇ ಹೇಳಿದರು. “ಆತು. ಟಿಕೀಟು ನಂದು. ಚಹಾ, ತಿಂಡಿ, ಹಮಾಲಿ, ಟಾಂಗಾ, ಎಲ್ಲಾ ನಿಂದು. ಮನಿಯಿಂದ ಹೊಂಟು ಮನಿಗೆ ಬರೂತನಕ ನಾಲ್ಕೂ ಮಂದೀದು ನೀ ನಿಭಾಯಿಸು. ನಿಭಾಯಿಸಿದಿ, ಗಂಗಾವತಿಗೆ ಹೋಗು. ನಡಕ ಒಮ್ಮೆ ನನ್ನ ಮುಂದ ಅಂಗೈ ಚಾಚಿದಿ ಅಂದ್ರ, ಆ ಮಾತು ಅಲ್ಲಿಗೇ ಮುಗೀತು.”

“ಬರ್ರಿ ಖಜಾಂಚಿ ಸಾಹೇಬ್ರ!” ಎಂದು ಕಾಕಾ ನನಗೆ ಸಲಾಮು ಹೊಡೆದರು. ಆ ಹೆಸರು ಹಳೆಯದು. ಚಿಕ್ಕಂದಿನಲ್ಲಿ ತುಂಗಭದ್ರೆಯ ದಂಡೆಯ ಹುಲಿಗಿಗೆ, ಹುಲಿಗೆಮ್ಮನ ಗುಡಿಗೆ ಹೋದಾಗ ಅಪ್ಪ ಮಕ್ಕಳಿಗೆಲ್ಲ ತಲೆಗೊಂದು ದುಡ್ಡು ಕೊಡುತ್ತಿದ್ದರು. ಉಳಿದವರು ಹೊಳೆ ಮುಟ್ಟುವುದರೊಳಗೆ ಬೆಂಡು ಬತ್ತಾಸು ತಿಂದು ಕೈ ನೆಕ್ಕುತ್ತಿದ್ದರು. ನಾನು ಎಲ್ಲ ಅಂಗಡಿಗಳನ್ನೂ ನೋಡಿ, ಯಾವುದು ಮೇಲೆಂದು ನಿಶ್ಚಯಿಸುವುದರೊಳಗೆ ಚಕ್ಕಡಿ ಕಟ್ಟುವ ಹೊತ್ತಾಗಿ, ದುಡ್ಡನ್ನು ಬೆವೆತ ಅಂಗೈಯಲ್ಲಿ ಹಿಡಿದು ಹಾಗೆಯೇ ಮನೆಗೆ ಬರುತ್ತಿದ್ದೆ. ಎಲ್ಲರೂ ಇದನ್ನು ಉಳಿತಾಯ ಎಂದುಕೊಂಡರು.

ನಿಜಾಮರ ಸೀಮೆಯ ಹೊರಗಿನ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ನಡೆಯುವುದು ಹಾಲಿ ಸಿಕ್ಕಾ. ನಿಮ್ಮ ಇಂಗ್ಲಿಷರ ರೂಪಾಯಿಗೆ ನಾವು ಕಲ್ದಾರ ಎನ್ನುತ್ತೇವೆ. ಕಲ್ದಾರ ರೂಪಾಯಿ ತೂಕದಲ್ಲಿ ಸ್ವಲ್ಪ ಮೇಲು, ಗರ್ವದಲ್ಲಿ ಬಹಳ ಮೇಲು. ಗದಗ ದಾಟಿದರೆ ನಮ್ಮ ಹಾಲಿಯನ್ನು ಭಿಕ್ಷುಕನೂ ತಿರುಗಿಸಿ ನೋಡಿ ಹಿಂದೆ ಕೊಡುತ್ತಾನೆ. ಆದ್ದರಿಂದ ಪ್ರಯಾಣ ಹೊರಡುವವರು ಮೊದಲು ಸರಾಫನ ಅಂಗಡಿಗೆ ಹೋಗಿ, ಹಾಲಿ ಕೊಟ್ಟು ಕಲ್ದಾರ ತರಬೇಕು. ಕೊಡುವಾಗ ಹೆಚ್ಚು, ತರುವಾಗ ಕಡಿಮೆ.

ಅಪ್ಪ ಕೊಟ್ಟ ಹಣವನ್ನು ನಾನು ಎಲ್ಲರಂತೆ ಪೂರ್ತಿ ಬದಲಿಸಲಿಲ್ಲ. ಐದು ಹಾಲಿ ರೂಪಾಯಿಗಳನ್ನು ಚಿಲ್ಲರೆಯಾಗಿ ಹಾಗೆಯೇ ಇಟ್ಟುಕೊಂಡೆ. ಹಿಂದೆ ಬಂದು ಕೊಪ್ಪಳದ ನಿಲ್ದಾಣದಲ್ಲಿ ಇಳಿದ ಮೇಲೆ ಹಮಾಲಿಗೆ, ಟಾಂಗಾಕ್ಕೆ ಮತ್ತೆ ಹಾಲಿಯೇ ಬೇಕಲ್ಲ? ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ಸರಾಫನಿಗೆ ಏಕೆ ಲಾಭ ಮಾಡಿಕೊಡಬೇಕು? ಇದಲ್ಲದೆ ಅಪ್ಪನ ಅಂಗಡಿಯಲ್ಲಿ ಚಿಕ್ಕವಳಿದ್ದಾಗ ಕೇಳಿದ ಒಂದು ಪದವೂ ನನ್ನ ತಲೆಯಲ್ಲಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಕಾಕಾ ಊರಿಗೆಲ್ಲ ಸಾರಿದರು. “ನಮ್ಮ ಬಿ.ಎ. ಹುಡಿಗಿ ಸಮುದ್ರಕ್ಕ ಹಾಲಿ ತೊಗೊಂಡು ಹೊಂಟಾಳ್ರಿ. ಮೀನದ ಕಡೆ ವ್ಯಾಪಾರ ಮಾಡತಾಳಂತ!”

ಹಣ ಇಡಲು ನನ್ನಲ್ಲಿ ಚೀಲವಿರಲಿಲ್ಲ. ಆಯಿ ತನ್ನ ಹಳೆಯ ಚಂಚಿಯನ್ನೇ ಕೊಟ್ಟಳು. ಅದರಲ್ಲಿ ಎಲೆಗೊಂದು, ಅಡಿಕೆಗೊಂದು, ತಂಬಾಕಿಗೊಂದು ಅರೆ. ಎಲ್ಲಕ್ಕಿಂತ ಒಳಗೆ ಸುಣ್ಣದ ಡಬ್ಬಿಯ ಅರೆ. ನಾನು ಎಲೆಯ ಅರೆಯಲ್ಲಿ ಚಹಾ ತಿಂಡಿಯ ಹಣ, ಅಡಿಕೆಯದರಲ್ಲಿ ಹಮಾಲಿ ಟಾಂಗಾದ್ದು, ತಂಬಾಕಿನದರಲ್ಲಿ ಎಣಿಸದೆ ಬರುವ ಖರ್ಚಿನದು, ಸುಣ್ಣದ ಅರೆಯಲ್ಲಿ ಹಾಲಿ ತುಂಬಿಸಿದೆ. ಎಷ್ಟು ಒಗೆದರೂ ಆ ಅರೆಯ ಸುಣ್ಣ ಹೋಗಿರಲಿಲ್ಲ. ಅದಕ್ಕೇ ಆ ನಾಣ್ಯಗಳೆಲ್ಲ ಬಿಳಿಚಿಕೊಂಡಿದ್ದವು. ತಂಬಾಕಿನ ಅರೆಯ ಹಣ ಪಡೆದವರು ಅದರ ವಾಸನೆಗೆ ನನ್ನ ಮುಖ ನೋಡಿದ್ದನ್ನು ನಾನು ಗಮನಿಸದಂತೆ ಇದ್ದೆ.

ಹೊರಟೆವು. ಭಾನಾಪುರದ ನಿಲ್ದಾಣಕ್ಕೆ ತಳಕಲ್ಲಿನಿಂದ ನನ್ನ ಸೋದರಮಾವ ಮೊಸರಿನ ಗಡಿಗೆ ಹೊತ್ತು ಬಂದಿದ್ದರು. ಅವ್ವ ಕಟ್ಟಿಕೊಟ್ಟ ಕಡಕ ರೊಟ್ಟಿಯ ಗಂಟು ಮೊದಲೇ ಇತ್ತು. ಎರಡು ಊಟದ ಖರ್ಚು ಉಳಿಯಿತು. ಗೋವೆಯ ಗಡಿಯಲ್ಲಿ ಪೋರ್ತುಗೀಜ ಸಿಪಾಯಿಯೊಬ್ಬ ಆ ಗಂಟನ್ನು ಬಿಚ್ಚಿಸಿ, ಗುರೆಳ್ಳು ಚಟ್ನಿಗೆ ಮೂಗು ಹತ್ತಿರ ತಂದು, ಸೀನುತ್ತ ರೈಲಿನ ಮುಂದಿನ ಡಬ್ಬಿಗೆ ಹೋದ.

ಸಮುದ್ರವನ್ನು ನೋಡಿ ಆಯಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ನಿಂತಳು. ಆಮೇಲೆ ಕಾಕಾನನ್ನು ಕೇಳಿದಳು.

“ಈ ದಂಡಿ ಇಲ್ಲೈತಿ. ಆ ದಂಡಿ ಎಲ್ಲೈತೋ?”

“ಅರಬಸ್ತಾನದಾಗೈತಿ, ಅವ್ವಾ.”

“ಹಂಗಾರ ಇದನ್ನ ದಾಟಬೇಕಂತ ಬಂದಿಲ್ಲ ಬಿಡು ನಾವು. ನೋಡಿ ಹೋಗಾಕ ಬಂದೀವಿ.” ಹೀಗೆ ತನ್ನನ್ನು ತಾನು ಸಮಾಧಾನ ಮಾಡಿಕೊಂಡು, ಹಡಗಿನ ಏಣಿಯನ್ನು ನಮಗಿಂತ ಮೊದಲು ಹತ್ತಿದಳು.

ಡೆಕ್ಕಿನ ಮೇಲೆ ಜಮಖಾನ ಹಾಸಿ ಜಾಗ ಹಿಡಿದೆವು. ಹಡಗು ಹೊರಟ ಸ್ವಲ್ಪ ಹೊತ್ತಿಗೆ ಕಾಕಾನ ನಗೆ ನಿಂತಿತು. ಆಮೇಲೆ ಮಾತು ನಿಂತಿತು. ಆಮೇಲೆ ಅವರು ಡೆಕ್ಕಿನ ಅಂಚಿನ ಕಟಾಂಜನವನ್ನು ಅಪ್ಪಿಕೊಂಡು ಸಮುದ್ರದ ಕಡೆಗೆ ಮುಖ ಮಾಡಿದವರು ಈ ಕಡೆಗೆ ತಿರುಗಲೇ ಇಲ್ಲ. ಹಡಗಿನಲ್ಲಿ ಲಿಂಬೆಹಣ್ಣು ಮಾರುವವನಿಗೆ ಇಂಥವರನ್ನು ದೂರದಿಂದಲೇ ಗುರುತಿಸುವ ಕಣ್ಣಿತ್ತು. ಕೊಪ್ಪಳದಲ್ಲಿ ಬುಟ್ಟಿ ಬರುವ ಬೆಲೆಗೆ ಆತ ಎರಡು ಹಣ್ಣು ಕೊಟ್ಟ. ತಂಬಾಕಿನ ಅರೆ ತೆಳ್ಳಗಾಗತೊಡಗಿತು.

“ಖಜಾಂಚಿ... ಇನ್ನೊಂದು ಲಿಂಬಿಹಣ್ಣು...” ಎಂದು ಕಾಕಾ ಕ್ಷೀಣವಾಗಿ ಕೇಳಿದರು. ಸಾಹೇಬ್ರು ಎನ್ನಲು ಶಕ್ತಿ ಉಳಿದಿರಲಿಲ್ಲ.

ನಿಜವಾದ ಅಪಾಯ ಆಯಿಯ ಕಡೆಯಿಂದ ಬಂತು. ನಮ್ಮ ಕಡೆಯವರು ಹೊಳೆ ಕಂಡರೆ ಒಂದು ದುಡ್ಡು ಹಾಕಿ ಕೈ ಮುಗಿಯುತ್ತಾರೆ. ಹುಲಿಗಿಯ ಹತ್ತಿರ ಸೇತುವೆಯ ಮೇಲೆ ರೈಲು ಬಂದಾಗ ಕಿಟಕಿಗಳಿಂದ ಕೈಗಳು ಹೊರಬರುವುದನ್ನು ನೀವೂ ನೋಡಿರಬಹುದು. ಹಡಗಿನ ದಾರಿಯಲ್ಲಿ ಒಂದೊಂದು ಬಂದರಿಗೂ ಒಂದೊಂದು ಹೊಳೆ ಬಂದು ಸಮುದ್ರ ಸೇರುತ್ತದೆಂದು ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬಳು ಆಯಿಗೆ ಕೈಸನ್ನೆಯಲ್ಲಿ ತಿಳಿಸಿಬಿಟ್ಟಳು. ವೆಂಗುರ್ಲೆ ಕಾಣಿಸಿತು. ಆಯಿ ನನ್ನ ಮುಂದೆ ಕೈ ಚಾಚಿದಳು.

“ಹೊಳಿಗೆ ಹಾಕಾಕ ಒಂದು ಆಣೆ ಕೊಡು.”

“ಆಯೀ, ಅದು ಚಹಾದ ರೊಕ್ಕ.”

“ಹಂಗಾರ ಸುಣ್ಣದರಿಂದ ಕೊಡು. ಅದು ಹೆಂಗೂ ಇಲ್ಲಿ ಯಾರೂ ತೊಗೊಳ್ಳಾಂಗಿಲ್ಲಂತ.”

“ಸಮುದ್ರಕ್ಕ ಹಾಲಿ ನಡೀತೈತಾ?”

“ಹುಲಿಗೆಮ್ಮಗ ನಡೀತೈತಿ. ಆಕಿಗೆ ನಡದಿದ್ದು ಈಕಿಗೆ ನಡ್ಯಾಂಗಿಲ್ಲೇನ? ನಮ್ಮ ಹೊಳಿ ನೀರೂ ಇದರಾಗಽ ಬಂದು ಕೂಡಿರತೈತಿ.”

ಇಲ್ಲಿ ನನ್ನ ಓದು ತಲೆಯೆತ್ತಿತು. ತುಂಗಭದ್ರೆ ಕೃಷ್ಣೆಯನ್ನು ಸೇರಿ ಪೂರ್ವದ ಸಮುದ್ರಕ್ಕೆ ಹೋಗುತ್ತಾಳೆ, ಇದು ಪಶ್ಚಿಮದ್ದು ಎಂದು ನಕ್ಷೆ ಬಿಡಿಸಿದಂತೆ ವಿವರಿಸಿದೆ. ಆಯಿ ಪೂರ್ತಿ ಕೇಳಿದಳು.

“ಆ ಸಮುದ್ರಕ್ಕೂ ಈ ಸಮುದ್ರಕ್ಕೂ ನಡಕ ಗ್ವಾಡಿ ಕಟ್ಯಾರೇನ?”

ಕಟ್ಟಿಲ್ಲ. ನಾನು ಸುಣ್ಣದ ಅರೆಯಿಂದ ತಾಮ್ರದ ಒಂದು ದುಡ್ಡು ಕೊಟ್ಟೆ. ಅದು ಬಿಸಿಲಲ್ಲಿ ಬೆಳ್ಳಗೆ ಹೊಳೆದು ನೀರಿಗೆ ಬಿತ್ತು. ಆಯಿ ಕಣ್ಣು ಮುಚ್ಚಿ ಹುಲಿಗೆಮ್ಮನನ್ನು ನೆನೆದಳು. ಮಾಲವಣಕ್ಕೆ ಒಂದು, ಮುಂದಿನದಕ್ಕೆ ಒಂದು. ದಾನ ಸುಲಭವಾದಂತೆ ಧಾರಾಳವೂ ಬೆಳೆಯಿತು. ಒಂದು ಬಂದರಿನಲ್ಲಿ ಮನೆಯ ಪ್ರತಿಯೊಬ್ಬರ ಹೆಸರಿನಲ್ಲೂ ಹಾಕಬೇಕೆಂದಳು. ನಾನು ಚಂಚಿಯ ದಾರ ಬಿಗಿದೆ. ಬಂದರಿಗೊಂದೇ ಎಂದು ಒಪ್ಪಂದವಾಯಿತು. ಮಧ್ಯಾಹ್ನದ ಮೇಲೆ ಅವಳಿಗೆ ಜೊಂಪು ಹತ್ತಿದಾಗ, ರತ್ನಾಗಿರಿ ಸದ್ದಿಲ್ಲದೆ ದಾಟಿಹೋಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡದ್ದುಂಟು. ಆದರೆ ಸಮುದ್ರದ ಕಡೆಗೇ ಮುಖ ಮಾಡಿದ್ದ ಕಾಕಾ ಆ ಸ್ಥಿತಿಯಲ್ಲೂ ಕೂಗಿದರು. “ಅವ್ವಾ, ಏಳು, ಊರು ಬಂತು!”

ಅಪ್ಪ ಇದನ್ನೆಲ್ಲ ಗಂಟಿಗೆ ಒರಗಿ ಕುಳಿತು ನೋಡುತ್ತಿದ್ದರು. ಚಂಚಿ ಹೊರಬಂದಾಗಲೆಲ್ಲ ಅವರ ಕಣ್ಣು ಅದರ ಹೊಟ್ಟೆಯನ್ನು ಅಳೆಯುತ್ತಿತ್ತು.

ಮುಂಬಯಿಯನ್ನು ನಾನು ವರ್ಣಿಸುವುದಿಲ್ಲ. ಅದನ್ನು ವರ್ಣಿಸಿದವರು ಬೇಕಾದಷ್ಟು ಜನ ಇದ್ದಾರೆ. ಹೇಳಬೇಕಾದದ್ದು ಒಂದು ಗಡಿಯಾರದ ಅಂಗಡಿಯ ಮಾತು ಮಾತ್ರ. ತೇಗದ ಪೆಟ್ಟಿಗೆಯ, ಹಿತ್ತಾಳೆಯ ಲೋಲಕದ ಒಂದು ಗೋಡೆ ಗಡಿಯಾರದ ಮುಂದೆ ಅಪ್ಪ ನಿಂತರು. ನಾನು ಹುಲಿಗಿಯಲ್ಲಿ ಬತ್ತಾಸಿನ ಅಂಗಡಿಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ ನಿಂತರು. ಆದರೆ ಅವರಿಗೆ ನಿಶ್ಚಯಿಸಲು ಬರುತ್ತಿತ್ತು. ಸ್ವಂತದ ಜೇಬಿನಿಂದ ಕೊಂಡರು. ಅದನ್ನು ನೋಡಿ, ನೆಲದ ಮೇಲೆ ಕಾಲು ಊರಿದ್ದರಿಂದ ಜೀವ ಬಂದಿದ್ದ ಕಾಕಾ ಅಪ್ಪನಿಗೆ ಗಂಟುಬಿದ್ದು ಒಂದು ಹಾರ್ಮೋನಿಯಂ ಪೇಟಿ ಕೊಡಿಸಿಕೊಂಡರು. ಅವರಿಗೆ ನುಡಿಸಲು ಬರುತ್ತಿರಲಿಲ್ಲ, ಇಂದಿಗೂ ಬರುವುದಿಲ್ಲ.

ಗಡಿಯಾರದ ಅಂಗಡಿಯಲ್ಲಿ ನಾನು ಬಾಯಿ ತೆರೆದಿದ್ದೆ. “ಅಪ್ಪಾ, ನಮ್ಮೂರಾಗ ಇಳದ ಮ್ಯಾಲೆ ಕರೋಡಗಿರಿ...” ಎನ್ನುವಷ್ಟರಲ್ಲಿ ಆ ಅಂಗಡಿಯ ಅಷ್ಟೂ ಗಡಿಯಾರಗಳು ಒಟ್ಟಿಗೇ ಹನ್ನೊಂದು ಹೊಡೆಯತೊಡಗಿದವು. ಅವು ಮುಗಿಸುವುದರೊಳಗೆ ಕಾಕಾ, “ನಿನ್ನ ಚಂಚಿಗೆ ಇದರ ಗೊಡವಿ ಇಲ್ಲ, ಸುಮ್ನಿರು ಖಜಾಂಚಿ” ಎಂದರು. ಅಪ್ಪನ ಮುಖದಲ್ಲಿ ನಾನು ಹಿಂದೆಂದೂ ಕಾಣದ ಹುಡುಗತನವಿತ್ತು. ಎರಡನೆಯ ಸಲ ಹೇಳಲು ನನಗೆ ಮನಸ್ಸು ಬರಲಿಲ್ಲ.

ಕರೋಡಗಿರಿ, ಇದೇ ನಾನು ಆಮೇಲೆ ಹೇಳುತ್ತೇನೆಂದ ಪದ. ನಿಜಾಮರ ಸೀಮೆಯೊಳಗೆ ಹೊರಗಿನ ಸಾಮಾನು ಬಂದರೆ ಕಟ್ಟಬೇಕಾದ ಸುಂಕ. ಅಪ್ಪನ ಅಂಗಡಿಗೆ ಬಟ್ಟೆಯ ಗಂಟು ಬಂದಾಗಲೆಲ್ಲ ನಮ್ಮ ಮುನೀಮರು ಕನ್ನಡಕ ಏರಿಸಿ, “ಮೊದಲು ಕರೋಡಗಿರಿ” ಎಂದೇ ಲೆಕ್ಕ ಆರಂಭಿಸುತ್ತಿದ್ದರು. ಕಟ್ಟುತ್ತಿದ್ದವರು ಮುನೀಮರು. ಅಪ್ಪನಿಗೆ ಅದು ಗಂಟಿನ ಮೇಲಿನ ಒಂದು ಮಾತು, ಸ್ವಂತದ ಗಡಿಯಾರಕ್ಕೂ ಅದು ಹತ್ತುತ್ತದೆಂದು ಹೊಳೆಯಲೇ ಇಲ್ಲ.

ಹಿಂದಿರುಗುವ ರೈಲಿನಲ್ಲಿ ನನ್ನ ಕಲ್ದಾರ ಮುಗಿಯುತ್ತ ಬಂತು. ಲಿಂಬೆಹಣ್ಣನ್ನು ನಾನು ಎಣಿಸಿರಲಿಲ್ಲ. ಮಿರಜಿನಲ್ಲಿ ಉಳಿದ ಚಿಲ್ಲರೆಗೆ ಮೂರು ಕಪ್ಪು ಚಹಾ ಬಂತು. ಗಂಟಿನ ತಳದಲ್ಲಿದ್ದ ಕಡಕ ರೊಟ್ಟಿಯನ್ನು ಮುರಿದು ಎಲ್ಲರಿಗೂ ಹಂಚಿದೆ.

“ನಿನಗ ಚಹಾ?” ಎಂದು ಅಪ್ಪ ಕೇಳಿದರು. ಅವರ ಬಲಗೈ ಅಂಗಿಯ ಜೇಬಿನ ಹತ್ತಿರವಿತ್ತು.

“ಬ್ಯಾಡ್ರಿ. ತಲಿನೋವು ಬರತೈತಿ.”

“ಆ ಹಾಲಿ ರೊಕ್ಕನಾದ್ರೂ ಯಾರಿಗಾರ ಕೊಟ್ಟು ಬದಲ ಮಾಡು,” ಎಂದರು ಕಾಕಾ, ನನ್ನ ಪಾಲಿನ ರೊಟ್ಟಿಯ ಕಡೆಗೆ ನೋಡುತ್ತ. “ಮೀನಂತೂ ತೊಗೊಳ್ಳಲಿಲ್ಲ.”

“ಯಾರಂದ್ರು? ತೊಗೊಂಡಾವ,” ಎಂದಳು ಆಯಿ.

ನಾನು ಬದಲಿಸಲಿಲ್ಲ. ಗಡಿಯಾರ ಪೇಟಿ ಎರಡರ ಬೆಲೆಯೂ ನನಗೆ ಗೊತ್ತಿತ್ತು. ಸುಂಕ, ಹಮಾಲಿ, ಟಾಂಗಾ ಕೂಡಿಸಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆಯಿಯ ಬಂದರುಗಳನ್ನು ಕಳೆದೆ. ಸಾಲುತ್ತದೆಯೋ ಇಲ್ಲವೋ ಎನ್ನುವ ಜಾಗಕ್ಕೆ ಬಂದು ಲೆಕ್ಕ ನಿಲ್ಲುತ್ತಿತ್ತು. ಗದಗದಿಂದ ಕೊಪ್ಪಳದವರೆಗೆ ನನಗೆ ಕಿಟಕಿಯ ಹೊರಗಿನ ಒಂದು ಜೋಳದ ಹೊಲವೂ ಕಾಣಿಸಲಿಲ್ಲ.

ಕೊಪ್ಪಳದ ನಿಲ್ದಾಣದಲ್ಲಿ ಇಳಿದೆವು. ಸಂಜೆಯ ಬಿಸಿಲು ಇನ್ನೂ ಇತ್ತು. ಪರಿಚಯದವರು ನಾಲ್ಕೈದು ಜನ ಅಪ್ಪನನ್ನು ಮಾತಾಡಿಸಲು ಬಂದರು. ಹೊರಬಾಗಿಲಲ್ಲಿ ಕರೋಡಗಿರಿಯ ಅಧಿಕಾರಿ ಮೇಜು ಹಾಕಿಕೊಂಡು ಕುಳಿತಿದ್ದರು. ಹೊಸದಾಗಿ ವರ್ಗವಾಗಿ ಬಂದವರು, ಬಹಳ ಸಭ್ಯರು. ಎದ್ದು ನಿಂತು ಆಯಿಗೆ ತಮ್ಮ ಕುರ್ಚಿ ಕೊಟ್ಟು, ಆಮೇಲೆ ಗಡಿಯಾರದ ಕಡೆಗೆ ಬೆರಳು ತೋರಿಸಿದರು.

“ಸೇಠಜೀ, ಇದರ ಮಹಸೂಲು ಆಗಬೇಕ್ರಿ. ಆ ಪೇಟೀದೂ.”

ಅಪ್ಪ ನಿಂತಲ್ಲೇ ನಿಂತರು. ನಗಲು ನೋಡಿದರು. ಜೇಬಿಗೆ ಕೈ ಹಾಕಿ ತೆಗೆದರು; ಕಲ್ದಾರದ ಸ್ವಲ್ಪ ಚಿಲ್ಲರೆ ಬಂತು.

“ನಾಳೆ ಮುಂಜಾನೆ ನಮ್ಮ ಮುನೀಮನ ಕೈಯಾಗ...”

“ಖಂಡಿತ ಕಳಸ್ರಿ. ಅಲ್ಲೀತನಕ ಸಾಮಾನು ಇಲ್ಲೇ ಹಿಫಾಜತಿನಿಂದ, ಭದ್ರ ಇರತಾವ. ಕಾಯದೆ ನೋಡ್ರಿ, ನನ್ನ ಕೈಯಾಗ ಏನಿಲ್ಲ.”

ನಮ್ಮ ಅಂಗಡಿಯ ಗೋಡೆಯ ಮೇಲೆ ಸಾಲ ಕೇಳುವವರಿಗಾಗಿ ಅಪ್ಪ ದಪ್ಪ ಅಕ್ಷರಗಳಲ್ಲಿ ಬರೆಸಿದ್ದ ಒಂದೇ ಮಾತು: ಉದ್ರಿ ಕೇಳಬಾರದು. ಅದನ್ನು ದಿನಾಲೂ ಓದುವ ಗಿರಾಕಿಗಳೇ ಈಗ ಸುತ್ತ ನಿಂತಿದ್ದರು. ಅಪ್ಪನ ಕಿವಿಗಳು ಕೆಂಪಾದವು. ಅವರು ಕಾಕಾನನ್ನು ನೋಡಿದರು. ಕಾಕಾ ಪೇಟಿಯನ್ನು ಎದೆಗೆ ಅವಚಿಕೊಂಡು ಆಕಾಶ ನೋಡಿದರು. ಆಮೇಲೆ ಅಪ್ಪ ನನ್ನ ಕಡೆಗೆ ತಿರುಗಿದರು. ನಿಧಾನವಾಗಿ ಬಲಗೈಯ ಅಂಗೈಯನ್ನು ನನ್ನ ಮುಂದೆ ಚಾಚಿದರು.

ನಾನು ಚಂಚಿಯ ದಾರ ಬಿಚ್ಚಿದೆ. ಸುಣ್ಣದ ಅರೆಯನ್ನು ಅವರ ಅಂಗೈಯಲ್ಲಿ ಬೋರಲು ಹಾಕಿ, ಹಮಾಲಿಗೂ ಟಾಂಗಾಕ್ಕೂ ಬೇಕಾದಷ್ಟನ್ನು ತೆಗೆದುಕೊಂಡೆ. ಅಧಿಕಾರಿ ಎಣಿಸಿದರು. ಬೆರಳಿಗೆ ಹತ್ತಿದ ಸುಣ್ಣವನ್ನು ನೋಡಿಕೊಂಡು, ಮತ್ತೊಮ್ಮೆ ಎಣಿಸಿದರು. “ಬರೋಬ್ಬರಿ ಐತ್ರಿ,” ಎಂದು ಒಂದೇ ಒಂದು ದುಡ್ಡನ್ನು ಹಿಂದೆ ತಳ್ಳಿದರು.

ಕುರ್ಚಿಯ ಮೇಲಿನಿಂದ ಆಯಿಯ ದನಿ ಬಂತು.

“ಅಂಗೈ ಚಾಚಿದವರ ಮಾತು ಅಲ್ಲಿಗೇ ಮುಗೀತು, ಅಲ್ಲೇನಪಾ?”

ಅಪ್ಪ ಮೊದಲು ಕೆಮ್ಮಿದರು. ಕೆಮ್ಮು ನಗೆಯಾಯಿತು. ನಗೆ ಎಷ್ಟು ಜೋರಾಯಿತೆಂದರೆ ಕಟ್ಟಿದ ಕಾಗದದೊಳಗೆ ಗಡಿಯಾರವೂ ಒಮ್ಮೆ ಠಣ್ ಎಂದಿತು. “ಮುಗೀತಬೇ, ಮುಗೀತು,” ಎಂದರು. ಆಮೇಲೆ ಕಾಕಾನ ಕಡೆಗೆ ತಿರುಗಿ, ಅಂಗಡಿಯ ದನಿಯಲ್ಲಿ, “ಪೇಟಿ ಕೆಳಗಿಡು. ಹೋಗಿ ಗಂಗಾವತಿಗೆ ಮೋಟಾರು ಎಷ್ಟೊತ್ತಿಗೆ ಹೋಗತೈತಿ, ಕೇಳ್ಕೊಂಡು ಬಾ. ನಮ್ಮ... ನಮ್ಮ ಖಜಾಂಚಿಗೆ ಸಾಲಿಗೆ ಹೋಗೂದೈತಿ.”

ಮುಂದಿನ ವಾರ ಹಿಟ್ನಾಳದ ಮೇಲೆ ಹೋಗುವ ಮೋಟಾರಿನಲ್ಲಿ ನಾನು ಗಂಗಾವತಿಗೆ ಬಂದೆ. ಅಪ್ಪನ ಗಡಿಯಾರ ಅಂಗಡಿಯಲ್ಲಿ ಆ ದಪ್ಪ ಅಕ್ಷರಗಳ ಮೇಲೆಯೇ ತೂಗುತ್ತಿದೆ. ಅದರ ಬೆಲೆ ಯಾರಾದರೂ ಕೇಳಿದರೆ ಅಪ್ಪ ಇಂದಿಗೂ ಅಂಗಡಿಯವನಿಗೆ ಕೊಟ್ಟದ್ದನ್ನು ಮಾತ್ರ ಹೇಳುತ್ತಾರೆ, ಸುಂಕ ಹೇಳುವುದಿಲ್ಲ. ಕಾಗದದ ಮೂಲಕ ಹಣ ಕೇಳುವ ಸಂದರ್ಭ ನನಗೆ ಈವರೆಗೆ ಬಂದಿಲ್ಲ. ಕೊತ್ತಂಬರಿಯ ಬೆಲೆಯೂ ಗೊತ್ತಾಗಿದೆ.

ಆ ಸಂಜೆ ಟಾಂಗಾದಲ್ಲಿ ಮನೆಗೆ ಹೋಗುವಾಗ ಆಯಿ ನನ್ನ ಮುಷ್ಟಿಯನ್ನು ಬಿಡಿಸಲು ನೋಡಿದಳು. ಅದರಲ್ಲಿ ಉಳಿದ ಆ ಒಂದು ದುಡ್ಡಿತ್ತು.

“ಕೊಡಿಲ್ಲೆ. ಮಂಗಳವಾರ ಹುಲಿಗಿಗೆ ಹೋದಾಗ ನಮ್ಮ ಹೊಳಿಗೆ ಹಾಕೂಣು. ಕಂಡಕಂಡವರಿಗೆಲ್ಲಾ ಕೊಟ್ಟು ಆಕಿಗೆ ಕೊಡದಿದ್ರ ಹೆಂಗ?”

ಆಯಿಗೆ ನಾನು ಪೂರ್ತಿ ಇಲ್ಲವೆಂದದ್ದು ಅದೇ ಮೊದಲು.

“ಹೊಳಿಗೆ ಅಪ್ಪನ ಕಡೆ ಇಸ್ಕೋ ಆಯೀ,” ಎಂದೆ. “ಇಷ್ಟು ದಿನ ಇದ್ದದ್ದೆಲ್ಲಾ ನಿಮ್ಮ ಕೈಖರ್ಚು. ಇದೊಂದು ನಂದು.”